ಈ ಹಾಡು ಯಾರದು?

ಹೋದ ತಿಂಗಳು ಒಂದೇ ವಾರದಲ್ಲಿ ಒಂದೇ ಮಾತನ್ನು ಎರಡು ಕಡೆಯಿಂದ ಕೇಳಿದೆ.

ಸೋಮವಾರ ಬೆಳಿಗ್ಗೆ ನರಸೀಪುರದಿಂದ ನಂಜನಗೂಡಿಗೆ ಬರುವ ಬಸ್ಸಿನಲ್ಲಿ ಪಕ್ಕ ಕೂತಿದ್ದ ಗೆಳತಿಗೆ ನನ್ನ ಇಯರ್‌ಫೋನಿನ ಒಂದು ತುದಿ ಕೊಟ್ಟೆ. ನುಸ್ರತ್ ಫತೇಹ್ ಅಲಿ ಖಾನ್ ಅವರ ಖವ್ವಾಲಿ ಬರುತ್ತಿತ್ತು. ಅರ್ಧ ನಿಮಿಷ ಕೇಳಿದಳು. "ಇದು ನಿಮ್ಮೋರ ಹಾಡು ಅಲ್ವಾ? ನಮಗೆ ಗೊತ್ತಾಗಲ್ಲ ಕಣೇ" ಅಂತ ತೆಗೆದು ನನ್ನ ಕೈಗಿಟ್ಟಳು. ಶುಕ್ರವಾರ ಸಂಜೆ ಮನೆಯಲ್ಲಿ ಚೌಡಯ್ಯನವರ ಪಿಟೀಲು ಕೇಳುತ್ತಿದ್ದೆ. ಚಾಚಾನ ಮಗ ಒಳಗೆ ಬಂದವನು ನಿಂತು ನೋಡಿ, "ಯೆ ಕೈಕು ಸುನ್ರೀ? ಯೆ ಅಪ್ನಾ ನೈ" ಅಂದ. ಇದ್ಯಾಕೆ ಕೇಳ್ತಿದ್ದೀಯ, ಇದು ನಮ್ಮದಲ್ಲ ಅಂತ.

ಇಬ್ಬರೂ ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಗೆಳತಿ ಆಮೇಲೆ ತನ್ನ ಡಬ್ಬಿಯ ಚಿತ್ರಾನ್ನ ಕೊಟ್ಟಳು, ಅಣ್ಣ ನನ್ನ ಫೋನಿಗೆ ರೀಚಾರ್ಜ್ ಮಾಡಿಸಿಕೊಟ್ಟ. ಆದರೂ ಆ ಎರಡು ಮಾತು ತಲೆಯಿಂದ ಹೋಗಲಿಲ್ಲ. ಒಂದು ನಿಮ್ಮೋರದು, ಇನ್ನೊಂದು ಅಪ್ನಾ ಅಲ್ಲ. ಹಾಗಾದರೆ ಹಾಡನ್ನು ಕೇಳುವ ಮೊದಲೇ ಅದು ಯಾರ ಮನೆಯದು ಅಂತ ನೋಡಬೇಕಾ? ಈ ಲೇಖನ ಬರೆಯಲು ಅದೇ ಕಾರಣ.

ನಾನೇನು ಸಂಗೀತ ಕಲಿತವಳಲ್ಲ. ರಾಗ, ತಾಳ ಗುರುತಿಸಲು ಬರುವುದಿಲ್ಲ. ಈ ವರ್ಷದವರೆಗೆ ನಾನು ಹಾಡು ಕೇಳುತ್ತಿದ್ದ ರೀತಿಯೂ ನಿಮ್ಮೆಲ್ಲರ ಹಾಗೆಯೇ. ಫೋನು ಮುಂದೆ ಇಟ್ಟದ್ದನ್ನು 30 ಸೆಕೆಂಡ್ ಕೇಳುವುದು, ಬೆರಳಿನಿಂದ ಮೇಲಕ್ಕೆ ತಳ್ಳುವುದು. ಬದಲಾಗಿದ್ದು ರಾಜ್ಯೋತ್ಸವದ ಗೋಡೆ ಪತ್ರಿಕೆಯಿಂದ. ನಿಮ್ಮ ತಾಲ್ಲೂಕಿನ ಒಬ್ಬ ಸಾಧಕರ ಬಗ್ಗೆ ಒಂದು ಪುಟ ಬರೆದು ತನ್ನಿ ಅಂತ ಕನ್ನಡ ಮೇಡಂ ಹೇಳಿದ್ದರು. ನಮ್ಮ ತಾಲ್ಲೂಕಿನಲ್ಲಿ ಯಾರಿದ್ದಾರೆ ಅಂತ ಹುಡುಕಿದಾಗ ಸಿಕ್ಕವರು ಟಿ. ಚೌಡಯ್ಯ.

ಅವರ ಹೆಸರು ಮೊದಲೇ ಕೇಳಿದ್ದೆ. ಬೆಂಗಳೂರಿನಲ್ಲಿ ಪಿಟೀಲಿನ ಆಕಾರದಲ್ಲೇ ಕಟ್ಟಿರುವ ಚೌಡಯ್ಯ ಸ್ಮಾರಕ ಭವನದ ಚಿತ್ರವನ್ನೂ ನೋಡಿದ್ದೆ. ಆದರೆ ಆ 'ಟಿ' ಅಂದರೆ ತಿರುಮಕೂಡಲು, ಅಂದರೆ ನಾನು ದಿನಾ ಬಸ್ ಹತ್ತುವ ಊರು ಅಂತ ಗೊತ್ತಿರಲಿಲ್ಲ. ನಮ್ಮ ತರಗತಿಯಲ್ಲಿ ಕೇಳಿದೆ. ಇಬ್ಬರಿಗೆ ಮಾತ್ರ ಗೊತ್ತಿತ್ತು.

ಚೌಡಯ್ಯನವರು ಹುಟ್ಟಿದ್ದು 1895ರಲ್ಲಿ. ಮೈಸೂರಿನಲ್ಲಿ ಬಿಡಾರಂ ಕೃಷ್ಣಪ್ಪನವರ ಹತ್ತಿರ ಕಲಿತರು. ಆ ಕಾಲದ ಕಚೇರಿಗಳಲ್ಲಿ ಮೈಕು ಇರಲಿಲ್ಲ. ದೊಡ್ಡ ಸಭೆಯಲ್ಲಿ ಹಿಂದೆ ಕೂತವರಿಗೆ ಪಿಟೀಲಿನ ನಾದ ಸರಿಯಾಗಿ ಮುಟ್ಟುತ್ತಿರಲಿಲ್ಲ. ಅದಕ್ಕೆ ಅವರು ಮಾಡಿದ್ದೇನು ಗೊತ್ತಾ? 4 ತಂತಿಯ ಪಿಟೀಲಿಗೆ ಇನ್ನೂ 3 ತಂತಿ ಸೇರಿಸಿ 7 ತಂತಿ ಮಾಡಿದರು. 1927ರ ಮಾತು ಇದು. 1957ರಲ್ಲಿ ಅವರಿಗೆ ಸಂಗೀತ ಕಲಾನಿಧಿ ಬಿರುದು ಬಂತು.

ನಿಜ ಹೇಳಬೇಕೆಂದರೆ ಮೊದಲ ಸಲ ಆ ಹಳೆಯ ಧ್ವನಿಮುದ್ರಿಕೆ ಕೇಳಿದಾಗ ನನಗೆ ಕರಕರ ಸದ್ದು ಬಿಟ್ಟರೆ ಏನೂ ತಿಳಿಯಲಿಲ್ಲ. ಎರಡನೇ ಸಲ ನಿದ್ದೆ ಬಂತು. ಮೂರನೇ ಸಲ ರಾತ್ರಿ ಕರೆಂಟ್ ಹೋಗಿತ್ತು, ಬೇರೆ ಕೆಲಸ ಇರಲಿಲ್ಲ, ಪೂರ್ತಿ ಕೇಳಿದೆ. ಒಬ್ಬರೇ ನುಡಿಸುತ್ತಿದ್ದರೂ ಇಬ್ಬರು ಒಟ್ಟಿಗೆ ನುಡಿಸುತ್ತಿರುವ ಹಾಗೆ ಅನ್ನಿಸಿತು. ಹಿಂದಿನ ಸಾಲಿನವರಿಗೂ ಕೇಳಲಿ ಅಂತ ವಾದ್ಯವನ್ನೇ ಬದಲಾಯಿಸಿದ ಮನುಷ್ಯ ಅವರು. ನಾನು ಇವತ್ತು ಎಲ್ಲರಿಗಿಂತ ಹಿಂದಿನ ಸಾಲಿನಲ್ಲಿ, ಸುಮಾರು ನೂರು ವರ್ಷ ಹಿಂದೆ ಕೂತಿದ್ದೇನೆ. ನನಗೂ ಕೇಳಿಸಿತು. ಹಾಗಿರುವಾಗ 'ಅಪ್ನಾ ನೈ' ಅನ್ನುವುದು ಹೇಗೆ?

ಗೋಡೆ ಪತ್ರಿಕೆಯ ಪುಟ ಮುಗಿದ ಮೇಲೂ ಹುಡುಕುವುದು ನಿಲ್ಲಲಿಲ್ಲ. ನರಸೀಪುರಕ್ಕೆ ಒಬ್ಬರು ಇದ್ದರೆ ನಮ್ಮ ಕಾಲೇಜಿರುವ ನಂಜನಗೂಡಿಗೆ ಯಾರು? ಸಿಕ್ಕವರು ಬೆಂಗಳೂರು ನಾಗರತ್ನಮ್ಮ. ಹೆಸರಿನಲ್ಲಿ ಬೆಂಗಳೂರು ಇದ್ದರೂ ಅವರು ಹುಟ್ಟಿದ್ದು 1878ರಲ್ಲಿ, ಇದೇ ನಂಜನಗೂಡಿನಲ್ಲಿ. ದೇವದಾಸಿ ಮನೆತನದ ಹೆಣ್ಣುಮಗಳು. ಸಂಸ್ಕೃತ, ಸಂಗೀತ ಕಲಿತು ಮದರಾಸಿನಲ್ಲಿ ದೊಡ್ಡ ಹೆಸರು ಮಾಡಿದರು. ತಿರುವಯ್ಯಾರಿನಲ್ಲಿ ತ್ಯಾಗರಾಜರ ಸಮಾಧಿ ಹಾಳುಬಿದ್ದಿದೆ ಅಂತ ತಿಳಿದಾಗ ತಮ್ಮ ಸ್ವಂತ ದುಡ್ಡಿನಿಂದ ಅಲ್ಲಿ ಗುಡಿ ಕಟ್ಟಿಸಿದರು. 1925ರಲ್ಲಿ ಅದರ ಕುಂಭಾಭಿಷೇಕ ಆಯಿತು.

ಆದರೆ ಅಲ್ಲಿ ವರ್ಷ ವರ್ಷ ನಡೆಯುವ ಆರಾಧನೆಯಲ್ಲಿ ಹೆಂಗಸರು ಹಾಡುವ ಹಾಗಿರಲಿಲ್ಲ. ಗುಡಿ ಕಟ್ಟಿಸಿದವರೇ ಹಾಡುವ ಹಾಗಿಲ್ಲ! ಅವರು ಜಗಳವಾಡಿ ಊರಿಗೆ ವಾಪಸಾಗಲಿಲ್ಲ. ಹೆಂಗಸರನ್ನೇ ಸೇರಿಸಿಕೊಂಡು ಬೇರೆ ಆರಾಧನೆ ನಡೆಸಿದರು. ವರ್ಷಗಳು ಕಳೆದ ಮೇಲೆ ಎಲ್ಲ ಗುಂಪುಗಳೂ ಒಂದಾದವು, ಹೆಂಗಸರೂ ಗಂಡಸರೂ ಒಟ್ಟಿಗೆ ಕೂತು ಹಾಡುವ ಹಾಗಾಯಿತು. 1952ರಲ್ಲಿ ತೀರಿಕೊಂಡ ಅವರ ಸಮಾಧಿ ಕೂಡ ತಿರುವಯ್ಯಾರಿನಲ್ಲೇ, ತ್ಯಾಗರಾಜರ ಸಮಾಧಿಗೆ ಎದುರಾಗಿ ಇದೆ. ಶ್ರೀಕಂಠೇಶ್ವರನ ರಥ ಎಳೆಯುವ ಬೀದಿಯ ಪಕ್ಕದಲ್ಲೇ ದಿನಾ ಓಡಾಡುವ ನಾವು ಈ ಹೆಸರು ಕೇಳದೇ ಪಿಯುಸಿ ಮುಗಿಸುತ್ತಿದ್ದೇವೆ.

ಇದನ್ನು ಓದುವಾಗಲೇ ಇನ್ನೊಬ್ಬ ಹೆಂಗಸಿನ ಹೆಸರು ಸಿಕ್ಕಿತು. ಗೌಹರ್ ಜಾನ್. 1902ರ ನವೆಂಬರ್‌ನಲ್ಲಿ ಕಲ್ಕತ್ತೆಯಲ್ಲಿ ಗ್ರಾಮೋಫೋನ್ ಕಂಪನಿಯವರು ನಮ್ಮ ದೇಶದ ಹಾಡುಗಳನ್ನು ಮೊದಲ ಸಲ ತಟ್ಟೆಗೆ ಇಳಿಸಿದಾಗ ಹಾಡಿದವರಲ್ಲಿ ಇವರು ಬಹಳ ಹೆಸರುವಾಸಿ. ಒಂದು ತಟ್ಟೆಯಲ್ಲಿ ಸುಮಾರು ಮೂರು ನಿಮಿಷದ ಹಾಡು ಮಾತ್ರ ಹಿಡಿಸುತ್ತಿತ್ತು. ಗಂಟೆಗಟ್ಟಲೆ ಹಾಡುವ ಸಂಗೀತವನ್ನು ಮೂರು ನಿಮಿಷಕ್ಕೆ ಇಳಿಸಬೇಕು. ಹಾಡಿನ ಕೊನೆಗೆ ಇಂಗ್ಲಿಷಿನಲ್ಲಿ 'ನನ್ನ ಹೆಸರು ಗೌಹರ್ ಜಾನ್' ಅಂತ ಗಟ್ಟಿಯಾಗಿ ಹೇಳುತ್ತಿದ್ದರು. ಅದನ್ನು ಇವತ್ತಿಗೂ ಕೇಳಬಹುದು. ಕೇಳಿದರೆ ನಗು ಬರುತ್ತದೆ, ಧೈರ್ಯವೂ ಬರುತ್ತದೆ.

ಅಷ್ಟು ದೊಡ್ಡ ಗಾಯಕಿ ಕೊನೆಗಾಲದಲ್ಲಿ ಎಲ್ಲಿಗೆ ಬಂದರು? ನಮ್ಮ ಮೈಸೂರಿಗೆ. 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅವರನ್ನು ಅರಮನೆಯ ಗಾಯಕಿಯಾಗಿ ನೇಮಿಸಿದರು. ಚೌಡಯ್ಯನವರು 7 ತಂತಿಯ ಪಿಟೀಲು ಹಿಡಿದು ಆಗಿನ್ನೂ ಒಂದು ವರ್ಷ. 1930ರ ಜನವರಿ 17ರಂದು ಗೌಹರ್ ಜಾನ್ ಮೈಸೂರಿನ ಕೃಷ್ಣರಾಜೇಂದ್ರ ಆಸ್ಪತ್ರೆಯಲ್ಲಿ ತೀರಿಕೊಂಡರು. ನಾವೆಲ್ಲ ಕೆ.ಆರ್. ಆಸ್ಪತ್ರೆ ಅಂತೀವಲ್ಲ, ಅದೇ. ನನ್ನ ನಾನಿಯ ಕಾಲು ಮುರಿದಾಗ ನಾನು ಅಲ್ಲಿ ಐದು ದಿನ ಊಟದ ಕ್ಯಾರಿಯರ್ ಹಿಡಿದು ಹತ್ತಿ ಇಳಿದಿದ್ದೇನೆ. ಒಂದು ಕಡೆ ನಂಜನಗೂಡಿನ ನಾಗರತ್ನಮ್ಮ ತಮಿಳುನಾಡಿಗೆ ಹೋದರು, ಇನ್ನೊಂದು ಕಡೆ ಉತ್ತರದ ಗೌಹರ್ ಜಾನ್ ಇಲ್ಲಿಗೆ ಬಂದರು. ಅವರ ಹಾಡು ಯಾವ ಊರಿನದು?

ನಾವು ಕಾಮರ್ಸ್ ವಿದ್ಯಾರ್ಥಿಗಳು ಮೊದಲು ಕಲಿಯುವ ನಿಯಮಗಳಲ್ಲಿ ಇದೊಂದು: ಪಡೆದವರನ್ನು ಡೆಬಿಟ್ ಮಾಡು, ಕೊಟ್ಟವರನ್ನು ಕ್ರೆಡಿಟ್ ಮಾಡು. ಅಬ್ದುಲ್ ಕರೀಂ ಖಾನ್ ಅವರ ವಿಷಯ ಓದಿದಾಗ ನನಗೆ ಈ ನಿಯಮವೇ ನೆನಪಾಯಿತು. ಅವರು ಉತ್ತರ ಪ್ರದೇಶದ ಕೈರಾನಾದವರು. ಮೈಸೂರು ಅರಮನೆಗೆ ಬರುತ್ತಿದ್ದರು, ಇಲ್ಲಿನ ಕರ್ನಾಟಕ ಸಂಗೀತವನ್ನು ಕೇಳಿ ಕಲಿತರು. ಅವರಿಂದ ಕಲಿತವರು ಸವಾಯಿ ಗಂಧರ್ವ. ಸವಾಯಿ ಗಂಧರ್ವರಿಂದ ಕಲಿತವರು ಗಂಗೂಬಾಯಿ ಹಾನಗಲ್ ಮತ್ತು ಭೀಮಸೇನ ಜೋಶಿ. ಭೀಮಸೇನ ಜೋಶಿಯವರಿಗೆ ಭಾರತ ರತ್ನ ಬಂದಾಗ ಇಡೀ ಕರ್ನಾಟಕ ಇದು ನಮ್ಮದು ಅಂತ ಹೆಮ್ಮೆ ಪಟ್ಟಿತು. ಪಡಲೇಬೇಕು. ಆದರೆ ಖಾತೆಯನ್ನು ಹಿಂದಕ್ಕೆ ತಿರುಗಿಸುತ್ತಾ ಹೋದರೆ ಪ್ರತಿ ಪುಟದಲ್ಲೂ ಒಬ್ಬರು ಕೊಟ್ಟವರು ಇದ್ದಾರೆ, ಒಬ್ಬರು ಪಡೆದವರು ಇದ್ದಾರೆ. ಬರೀ ಕೊಟ್ಟವರು ಅಂತ ಯಾರೂ ಇಲ್ಲ.

ಕರ್ನಾಟಕದಲ್ಲಿ ಇಂಥ ಲೆಕ್ಕ ಬೇಕಾದಷ್ಟಿದೆ. ಶಿಶುನಾಳ ಷರೀಫರು ಮುಸ್ಲಿಂ ಮನೆಯಲ್ಲಿ ಹುಟ್ಟಿದವರು, ಅವರ ಗುರು ಗೋವಿಂದ ಭಟ್ಟರು. ಷರೀಫರ ಪದಗಳನ್ನು ಸಿ. ಅಶ್ವಥ್ ಹಾಡಿ ಮನೆಮನೆಗೆ ಮುಟ್ಟಿಸಿದರು. ಈಗ ನಮ್ಮ ಮೈಸೂರಿನಲ್ಲೇ ಬೆಳೆದ ರಘು ದೀಕ್ಷಿತ್ ಅವನ್ನು ಗಿಟಾರ್ ಜೊತೆ ಹಾಡುತ್ತಾರೆ. 'ಸನಾದಿ ಅಪ್ಪಣ್ಣ' ಚಿತ್ರ 1977ರದ್ದು. ಅದರಲ್ಲಿ ರಾಜ್‌ಕುಮಾರ್ ಊದುವ ಶಹನಾಯಿಯ ನಾದ ಬನಾರಸಿನ ಉಸ್ತಾದ್ ಬಿಸ್ಮಿಲ್ಲಾ ಖಾನ್ ಅವರದು. ಆ ಚಿತ್ರದ ಕ್ಯಾಸೆಟ್ ನಮ್ಮ ಅಬ್ಬಾನ ಅಂಗಡಿಯಲ್ಲಿ ಇನ್ನೂ ಇದೆ. ಅಬ್ಬಾ ಸ್ಕೂಟರ್ ಸೀಟು ಹೊಲಿಯುತ್ತಾರೆ. ಅದೇ ಶೆಲ್ಫಿನಲ್ಲಿ ಖವ್ವಾಲಿ ಕ್ಯಾಸೆಟ್ಟುಗಳೂ ಇವೆ, ಕೆ.ಎಸ್. ನಿಸಾರ್ ಅಹಮದ್ ಅವರ 'ನಿತ್ಯೋತ್ಸವ'ವೂ ಇದೆ. ಮೈಸೂರು ಅನಂತಸ್ವಾಮಿ ರಾಗ ಹಾಕಿದ ಆ ಕ್ಯಾಸೆಟ್ 1978ರಲ್ಲಿ ಬಂತು. "ಯಾವುದು ನಮ್ಮದು ಅಬ್ಬಾ?" ಅಂತ ಕೇಳಿದೆ. "ದುಡ್ಡು ಕೊಟ್ಟು ತಂದಿದ್ದೀನಿ, ಎಲ್ಲಾ ನಮ್ಮದೇ" ಅಂದು ಸೂಜಿಗೆ ದಾರ ಹಾಕಿಕೊಂಡರು.

ಇನ್ನು ದಾದಿಯ ವಿಷಯ. ಇದನ್ನು ಬರೆಯದಿದ್ದರೆ ಸುಳ್ಳು ಹೇಳಿದ ಹಾಗೆ. ದಾದಿಗೆ ಹಾಡು ಬಜಾವಣೆ ಇಷ್ಟವಿಲ್ಲ. ಅದು ನಮಾಜಿನಿಂದ, ಓದಿನಿಂದ ಮನಸ್ಸನ್ನು ಬೇರೆ ಕಡೆ ಎಳೆಯುತ್ತದೆ ಅನ್ನುತ್ತಾರೆ. ಈ ಪತ್ರಿಕೆ ಓದುವ ಎಷ್ಟೋ ಮನೆಗಳಲ್ಲಿ ಇದೇ ಮಾತಿದೆ ಅಂತ ನನಗೆ ಗೊತ್ತು. ಸಂಗೀತದ ಬಗ್ಗೆ ನಮ್ಮ ಧರ್ಮದ ವಿದ್ವಾಂಸರಲ್ಲೇ ಬೇರೆ ಬೇರೆ ಅಭಿಪ್ರಾಯಗಳಿವೆ. ಅದನ್ನು ತೀರ್ಮಾನಿಸುವಷ್ಟು ತಿಳಿವಳಿಕೆ 17 ವರ್ಷದ ನನಗಿಲ್ಲ. ದಾದಿಯ ಮಾತಿನಲ್ಲಿ ಸತ್ಯವೂ ಇದೆ. ಹೋದ ವರ್ಷ ಪರೀಕ್ಷೆಯ ಹಿಂದಿನ ರಾತ್ರಿ ಒಂದು ಗಂಟೆಯವರೆಗೆ ರೀಲ್ಸ್ ನೋಡಿ ಸ್ಟ್ಯಾಟಿಸ್ಟಿಕ್ಸ್‌ನಲ್ಲಿ ಕಡಿಮೆ ಅಂಕ ತೆಗೆದವಳು ನಾನೇ. ಹಾಡು ಬೇಡ ಅನ್ನುವವರ ಮೇಲೆ ನನಗೆ ಕೋಪವಿಲ್ಲ. ನನ್ನ ತಕರಾರು ಇರುವುದು, ಹಾಡು ಕೇಳುವ ನಾವೇ ಅದನ್ನು ಜಾತಿ ಧರ್ಮ ನೋಡಿ ಬೇರೆ ಬೇರೆ ಮೂಟೆ ಕಟ್ಟುವುದರ ಬಗ್ಗೆ.

ಒಂದು ಭಾನುವಾರ ದಾದಿ ನನ್ನ ತಮ್ಮನಿಗೆ ಬೀಸುವ ಕಲ್ಲು ತೋರಿಸುತ್ತಿದ್ದರು. ನಮ್ಮ ಹಿತ್ತಲಿನಲ್ಲಿ ಅದು ಮೂಲೆಗೆ ಬಿದ್ದು ಎಷ್ಟೋ ವರ್ಷ ಆಗಿದೆ. ಬನ್ನೂರಿನಿಂದ ಮದುವೆಯಾಗಿ ಬಂದ ಹೊಸತರಲ್ಲಿ ಇದರಲ್ಲೇ ರಾಗಿ ಬೀಸುತ್ತಿದ್ದೆ ಅಂತ ಗೂಟ ಹಿಡಿದು ತಿರುಗಿಸಿ ತೋರಿಸಿದರು. ಕೈ ತಿರುಗಿದ ಹಾಗೆ ಬಾಯಿಂದ ಏನೋ ಬಂತು. ಅಲ್ಲಾಹನ ಹೆಸರು, ಕಲ್ಲು, ಹಿಟ್ಟು, ತವರು ಎಲ್ಲಾ ಸೇರಿದ್ದ ಪದ. ಉರ್ದು ಅಲ್ಲ, ಕನ್ನಡ ಅಲ್ಲ, ನಮ್ಮ ಮನೆಯ ಮಾತು. ನಾಲ್ಕು ಸುತ್ತು ತಿರುಗಿಸಿ ನಿಲ್ಲಿಸಿದರು.

"ದಾದಿ, ನೀವು ಹಾಡಿದ್ರಿ!" ಅಂದೆ.

"ಯೆ ಗಾನಾ ನೈ, ಚಕ್ಕಿ ಕಾ ಹೈ" ಅಂದರು. ಇದು ಹಾಡಲ್ಲ, ಬೀಸೋ ಕಲ್ಲಿನದು.

ಅದು ಏನು ಅಂತ ಆಮೇಲೆ ಓದಿ ತಿಳಿದುಕೊಂಡೆ. ನೂರಾರು ವರ್ಷಗಳ ಹಿಂದೆ ಬಿಜಾಪುರದ ಸೂಫಿಗಳು ಹೆಂಗಸರು ಬೀಸುವಾಗ ಹಾಡಿಕೊಳ್ಳಲಿ ಅಂತ ದಖನಿ ಭಾಷೆಯಲ್ಲಿ ಪದ ಕಟ್ಟಿದ್ದರು. ಅದಕ್ಕೆ ಚಕ್ಕಿನಾಮಾ ಅಂತ ಹೆಸರು. ಕಲ್ಲು ತಿರುಗುವ ಲಯಕ್ಕೆ ದೇವರ ಹೆಸರನ್ನು ಸೇರಿಸಿದ ಪದಗಳು ಅವು. ಅದೇ ದಖನಿಯಲ್ಲಿ ಬಿಜಾಪುರದ ಸುಲ್ತಾನ ಎರಡನೇ ಇಬ್ರಾಹಿಂ ಆದಿಲ್ ಶಾ 'ಕಿತಾಬ್-ಎ-ನೌರಸ್' ಅನ್ನುವ ಹಾಡುಗಳ ಪುಸ್ತಕ ಬರೆದ. ಅದರಲ್ಲಿ ಸರಸ್ವತಿಯನ್ನೂ ಹಾಡಿದ್ದಾನೆ, ಗುಲ್ಬರ್ಗದ ಖ್ವಾಜಾ ಬಂದೇ ನವಾಜರನ್ನೂ ಹಾಡಿದ್ದಾನೆ. ನಾವು 'ಸರಿಯಾದ ಉರ್ದು ಅಲ್ಲ' ಅಂತ ಹೊರಗೆ ಮಾತಾಡಲು ನಾಚಿಕೊಳ್ಳುವ ಮನೆ ಮಾತಿಗೆ ಇಷ್ಟು ಹಾಡಿನ ಆಸ್ತಿ ಇದೆ.

ಬಸ್ಸಿನ ಗೆಳತಿಗೆ ಇದನ್ನು ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮಜ್ಜಿನೂ ಬೀಸೋವಾಗ ಹಾಡ್ತಿತ್ತಂತೆ. ಮಾದಪ್ಪನ ಮೇಲೆ" ಅಂದಳು. ಮಾರನೇ ದಿನ ಅಜ್ಜಿಯನ್ನು ಕೇಳಿ ಬಂದಳು. ಅಜ್ಜಿಗೆ ಎರಡು ಸಾಲು ನೆನಪಿತ್ತು, ಮೂರನೆಯದು ಬರಲಿಲ್ಲವಂತೆ. ಮರೆತುಹೋಯಿತು ಅಂತ ಕಣ್ಣಲ್ಲಿ ನೀರು ಹಾಕಿಕೊಂಡರಂತೆ. ನನ್ನ ದಾದಿ ಒಂದು ಕಲ್ಲಿಗೆ, ಅವಳ ಅಜ್ಜಿ ಇನ್ನೊಂದು ಕಲ್ಲಿಗೆ, ಅದೇ ರಾಗಿ, ಅದೇ ಬೆಳಗಿನ ಜಾವ. ಇದರಲ್ಲಿ ನಿಮ್ಮೋರದು ಯಾವುದು, ನಮ್ಮೋರದು ಯಾವುದು?

ಚೌಡಯ್ಯನವರ ಪಿಟೀಲು ಎಲ್ಲಿಗೂ ಹೋಗುವುದಿಲ್ಲ. ಗೌಹರ್ ಜಾನ್ ತಮ್ಮ ಹೆಸರನ್ನು ತಾವೇ ಕೂಗಿ ಹೇಳಿ ಹೋಗಿದ್ದಾರೆ. ಆದರೆ ದಾದಿಯ ಪದವನ್ನು ಯಾವ ಕಂಪನಿಯೂ ತಟ್ಟೆಗೆ ಇಳಿಸಿಲ್ಲ. ಮಿಲ್ ಬಂದ ಮೇಲೆ ಕಲ್ಲು ನಿಂತಿತು, ಕಲ್ಲು ನಿಂತ ಮೇಲೆ ಪದ ನಿಂತಿತು. ಗೆಳತಿಯ ಅಜ್ಜಿಯ ಮೂರನೇ ಸಾಲು ಆಗಲೇ ಹೋಗಿದೆ. ನಮ್ಮ ಕೈಯಲ್ಲಿರುವ ಫೋನಿನಲ್ಲಿ ಕೆಂಪು ಗುಂಡಿ ಒತ್ತಿದರೆ ಉಳಿಯುವುದನ್ನು, ಅದು ನಮ್ಮದೋ ಅಲ್ಲವೋ ಅಂತ ಯೋಚಿಸುತ್ತಾ ಕಳೆದುಕೊಳ್ಳುತ್ತಿದ್ದೇವೆ.

ಅದಕ್ಕೆ ನನ್ನದೊಂದು ಸಲಹೆ ಇದೆ. ತಿಂಗಳಿಗೆ ಒಂದು ಶನಿವಾರ, ಕೊನೆಯ ಪೀರಿಯಡ್ ಅನ್ನು ಕೇಳುವುದಕ್ಕೆ ಕೊಡಿ ಅಂತ ಪ್ರಾಂಶುಪಾಲರನ್ನು ವಿನಂತಿಸುತ್ತೇನೆ. ಸ್ಪರ್ಧೆ ಬೇಡ, ಬಹುಮಾನ ಬೇಡ, ವೇದಿಕೆಯೂ ಬೇಡ. ಪ್ರತಿ ಸಲ ಮೂರು ಜನ ಒಂದೊಂದು ತರಲಿ. ಮನೆಯ ಹಿರಿಯರಿಂದ ಕೇಳಿ, ಅವರ ಒಪ್ಪಿಗೆ ಪಡೆದು ತಂದಿದ್ದಾದರೆ ಇನ್ನೂ ಒಳ್ಳೆಯದು. ವಾದ್ಯ ಬೇಡ ಅನ್ನುವವರು ನಾತ್ ತರಲಿ, ಕವಿತೆ ತರಲಿ, ಜೋಗುಳ ತರಲಿ. ಕೊರಿಯಾದ ಹಾಡಿಗೆ ಪ್ರಾಣ ಬಿಡುವವರು ಅದನ್ನೇ ತರಲಿ, ನಾನು ಕೇಳುತ್ತೇನೆ. ಒಂದೇ ನಿಯಮ: ಕೇಳುವ ಮೊದಲು ಯಾರೂ ಅದು ಯಾರವರದ್ದು ಅಂತ ಕೇಳಬಾರದು. ಕೇಳಿ ಮುಗಿದ ಮೇಲೆ ತಂದವರು ಒಂದು ನೋಟ್‌ಬುಕ್ಕಿನಲ್ಲಿ ನಾಲ್ಕು ವಿಷಯ ಬರೆಯಬೇಕು. ಯಾರು ಹಾಡಿದ್ದು, ಯಾವ ಊರು, ಯಾವ ಕಾಲ, ನಿನಗೆ ಯಾರಿಂದ ಸಿಕ್ಕಿತು. ವರ್ಷದ ಕೊನೆಗೆ ಅದೇ ನಮ್ಮ ಲೆಡ್ಜರ್. ಅದರಲ್ಲಿ ನಾವೆಲ್ಲ ಪಡೆದವರ ಕಡೆ ಇರುತ್ತೇವೆ.

ಕಪಿಲೆ ನಂಜನಗೂಡನ್ನು ದಾಟಿ ನಮ್ಮ ನರಸೀಪುರಕ್ಕೆ ಬಂದು ಕಾವೇರಿಗೆ ಸೇರುತ್ತಾಳೆ. ಮಳೆಗಾಲದಲ್ಲಿ ಸಂಗಮದ ಹತ್ತಿರ ನಿಂತರೆ ಸ್ವಲ್ಪ ದೂರ ಎರಡು ಬಣ್ಣದ ನೀರು ಕಾಣುತ್ತದೆ, ಆಮೇಲೆ ಕಾಣುವುದಿಲ್ಲ. ಬಿಂದಿಗೆಯಲ್ಲಿ ತುಂಬಿಕೊಂಡವರು ಇದು ಯಾವ ನದಿಯದು ಅಂತ ಕೇಳುವುದಿಲ್ಲ.

ಮೊದಲ ಶನಿವಾರಕ್ಕೆ ನನ್ನ ಹೆಸರು ಬರೆದುಕೊಳ್ಳಿ. ದಾದಿಯನ್ನು ಮೂರು ದಿನ ಪುಸಲಾಯಿಸಿ ಒಪ್ಪಿಸಿದ್ದೇನೆ. "ಗಾನಾ ಬೋಲ್ಕೊ ನಕ್ಕೊ ಬೋಲೋ" ಅನ್ನುವ ಷರತ್ತಿನ ಮೇಲೆ, ಅಂದರೆ ಅದನ್ನು ಹಾಡು ಅಂತ ಹೇಳಬಾರದು. ಒಂದು ನಿಮಿಷ 40 ಸೆಕೆಂಡ್ ಇದೆ. ನಡುವೆ ಕೋಳಿ ಕೂಗುತ್ತದೆ, ಕ್ಷಮಿಸಿ. ಗೆಳತಿ ಅಜ್ಜಿಯ ಎರಡು ಸಾಲು ತರುತ್ತಾಳೆ. ಯಾರ ಮನೆಯಲ್ಲಾದರೂ ಆ ಮೂರನೇ ಸಾಲು ಇದ್ದರೆ ದಯವಿಟ್ಟು ತನ್ನಿ.